ಬಾಯಿ ಸೊಟ್ಟಾದವರಿಗೆ ಬೊಟಾಕ್ಸ್: ಯಾರಿಗೆ, ಯಾವಾಗ, ಎಷ್ಟು ಯೂನಿಟ್?

ಮುಖದ ಪಾರ್ಶ್ವವಾಯುವಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ ಎಂಬ ಸುದ್ದಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಗೂ ಬಂದು ಮುಟ್ಟಿದೆ. ಬಾಯಿ ಸೊಟ್ಟಾಗಿ ವಾರ ಕೂಡ ಆಗಿರುವುದಿಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿದ ಮಗನೋ ಅಳಿಯನೋ ‘ಅದೇನೋ ಸೂಜಿ ಐತಂತಲ್ರಿ, ಅದನ್ನ ಮಾಡಿಬಿಡ್ರಿ’ ಎಂದು ಕೇಳುತ್ತಾರೆ. ಇನ್ನೊಂದು ಕಡೆ, ಲಕ್ವಾ ಹೊಡೆದು ಎರಡು ವರ್ಷವಾದ, ನಕ್ಕರೆ ಕಣ್ಣು ಮುಚ್ಚಿಹೋಗುವ, ಗಲ್ಲ ಸದಾ ಬಿಗಿದೇ ಇರುವ ಹೆಣ್ಣುಮಗಳು ಬಿಪಿ ಗುಳಿಗೆಗೆಂದು ಅದೇ ಆಸ್ಪತ್ರೆಗೆ ಬರುತ್ತಾಳೆ. ಮುಖದ ಬಗ್ಗೆ ಕೇಳಿದರೆ ‘ಇಷ್ಟ ಆರಾಮಾತ್ರಿ, ಇನ್ನೇನ್ ಆಗೂದಿಲ್ಲಂತ’ ಎಂದು ಸೆರಗು ಬಾಯಿಗೆ ಹಿಡಿಯುತ್ತಾಳೆ. ಮೊದಲಿನವರಿಗೆ ಆ ಸೂಜಿ ಬೇಕಿಲ್ಲ. ಬೇಕಿರುವುದು ಎರಡನೆಯವಳಿಗೆ. ಆದರೆ ಅವಳಿಗೆ ಅದು ಇದೆಯೆಂದೇ ಯಾರೂ ಹೇಳಿಲ್ಲ.

ಗೊಂದಲಕ್ಕೆ ಕಾರಣ ಸರಳ. ಬೊಟಾಕ್ಸ್ ಎಂಬ ಹೆಸರಿನಲ್ಲಿ ಬರುವ ಬೊಟುಲಿನಮ್ ಟಾಕ್ಸಿನ್ ನರಕ್ಕೆ ಬಲ ಕೊಡುವ ಮದ್ದಲ್ಲ. ಸ್ನಾಯುವನ್ನು ಸುಮ್ಮನಾಗಿಸುವ ಮದ್ದು. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ದಾಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಹೊರಬರಲು ಸ್ನ್ಯಾಪ್-25 ಎಂಬ ಪ್ರೊಟೀನ್ ಬೇಕು. ‘ಎ’ ಮಾದರಿಯ ಟಾಕ್ಸಿನ್ ಆ ಪ್ರೊಟೀನನ್ನೇ ಕತ್ತರಿಸಿಹಾಕುತ್ತದೆ. ಚುಚ್ಚಿದ ಎರಡರಿಂದ ಐದು ದಿನಗಳಲ್ಲಿ ಸ್ನಾಯು ಸಡಿಲವಾಗತೊಡಗುತ್ತದೆ, ಎರಡು ವಾರಕ್ಕೆ ಪರಿಣಾಮ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ. ಕೆಟ್ಟ ಮಾಂಸ ತಿಂದು ಸತ್ತವರಲ್ಲಿ ಈ ವಿಷವನ್ನು 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಗುರುತಿಸಿದ್ದ. ಅದೇ ವಿಷ ಅಳತೆಯ ಔಷಧಿಯಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದದ್ದು 1989ರಲ್ಲಿ, ಮೆಳ್ಳಗಣ್ಣಿಗೆ ಮತ್ತು ಕಣ್ಣುರೆಪ್ಪೆಯ ಸೆಳೆತಕ್ಕೆ. ಸುಕ್ಕು ತೆಗೆಯುವ ವ್ಯಾಪಾರ ಆಮೇಲಿನದು.

ಹಾಗಿದ್ದ ಮೇಲೆ, ಈಗಷ್ಟೇ ಲಕ್ವಾ ಹೊಡೆದು ಜೋತುಬಿದ್ದ ಗಲ್ಲಕ್ಕೆ ಇದನ್ನು ಚುಚ್ಚಿದರೆ ಏನಾಗುತ್ತದೆ? ಅಳಿದುಳಿದ ಚಲನೆಯೂ ನಿಲ್ಲುತ್ತದೆ, ಅಷ್ಟೆ.

ಮೊದಲ 72 ಗಂಟೆ

ಮುಖ ಒಂದು ಕಡೆ ವಾಲಿದೊಡನೆ ತಿಳಿಯಬೇಕಾದದ್ದು, ಇದು ಮಿದುಳಿನ ಲಕ್ವಾವೋ ಮುಖದ ನರದ್ದೋ ಎಂಬುದು. ಹುಬ್ಬು ಮೇಲೆತ್ತಲು ಹೇಳಿ. ಹಣೆಯ ಗೆರೆ ಎರಡೂ ಕಡೆ ಮೂಡಿ, ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನ ಆಘಾತವೆಂದೇ ಹಿಡಿದು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಕೈ ಕಾಲಿನ ಬಲ ಕುಂದಿದ್ದರೆ, ಮಾತು ತೊದಲುತ್ತಿದ್ದರೆ ಹಣೆ ನೋಡುತ್ತ ಕೂರುವ ಅಗತ್ಯವೂ ಇಲ್ಲ. ಹಣೆಯಿಂದ ಗದ್ದದವರೆಗೆ ಅರ್ಧ ಮುಖವೇ ಸ್ತಬ್ಧವಾಗಿದ್ದರೆ ಅದು ಏಳನೇ ಕಪಾಲ ನರದ, ಅಂದರೆ ಮುಖದ ನರದ ತೊಂದರೆ, ಹೆಚ್ಚಿನ ಪಾಲು ಬೆಲ್ಸ್ ಪಾಲ್ಸಿ: ಖಚಿತ ಕಾರಣ ಗೊತ್ತಾಗದೆ ಆ ನರ ಹಠಾತ್ತನೆ ಸೋಲುವ ರೋಗ.

ಬೆಲ್ಸ್ ಪಾಲ್ಸಿ ಅಪರೂಪದ್ದಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ 20ರಿಂದ 30 ಮಂದಿಗೆ ಬರುತ್ತದೆ. 2011ರ ಜನಗಣತಿಯ ಲೆಕ್ಕದಲ್ಲಿ ಈ ಮೂರು ಜಿಲ್ಲೆಗಳ ಜನಸಂಖ್ಯೆ 88 ಲಕ್ಷಕ್ಕೂ ಹೆಚ್ಚು. ಅದೇ ದರ ಇಲ್ಲಿಗೂ ಹಿಡಿದರೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು ಹೊಸ ರೋಗಿಗಳು. ಇವರಿಗೆ ಕೆಲಸ ಮಾಡುವ ಔಷಧಿ ಅಗ್ಗದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ: ದಿನಕ್ಕೆ 50 ಮಿಲಿಗ್ರಾಂನಂತೆ ಹತ್ತು ದಿನ, ಇಲ್ಲವೇ 60ರಿಂದ ಶುರುಮಾಡಿ ಐದು ದಿನದ ನಂತರ ದಿನಕ್ಕೆ ಹತ್ತರಂತೆ ಇಳಿಸುವುದು. 72 ಗಂಟೆಯೊಳಗೆ ಆರಂಭಿಸಿದರೆ ಅದರ ಲಾಭ ಸ್ಪಷ್ಟ. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಳಿಗೆ ತೆಗೆದುಕೊಂಡವರಲ್ಲಿ ಮೂರು ತಿಂಗಳಿಗೆ ಶೇ 83 ಜನ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ ಶೇ 64ರಷ್ಟು. ಸಕ್ಕರೆ ಕಾಯಿಲೆ ಇದ್ದವರಿಗೂ ಇದನ್ನು ಕೊಡಬಹುದು, ಆದರೆ ಆ ಹತ್ತು ದಿನ ಸಕ್ಕರೆ ಏರುತ್ತದೆ. ದಿನವೂ ನೋಡಿಕೊಂಡು ಮಧುಮೇಹದ ಔಷಧಿ ಹೊಂದಿಸಬೇಕು.

ನಮ್ಮ ಕಡೆ ಹಾಳಾಗುವುದು ಈ ಮೂರು ದಿನವೇ. ಗಾಳಿ ಹೊಡೆದಿದೆ ಎಂದು ಎಣ್ಣೆ ತಿಕ್ಕಿಸಿ, ಲಕ್ವಾದ ಔಷಧಿ ಕೊಡುವ ಊರಿಗೆ ಹೋಗಿ, ಪಥ್ಯ ಹಿಡಿದು, ಹನ್ನೆರಡನೇ ದಿನಕ್ಕೆ ಆಸ್ಪತ್ರೆಗೆ ಬರುತ್ತಾರೆ. ಏನೂ ಮಾಡದಿದ್ದರೂ ನೂರಕ್ಕೆ ಸುಮಾರು 70 ಜನ ತಾವಾಗಿಯೇ ಗುಣವಾಗುವುದರಿಂದ ಆ ಔಷಧಿಗಳ ಹೆಸರು ಉಳಿದಿದೆ. ಉಳಿದ 30 ಜನರ ಲೆಕ್ಕ ಯಾರೂ ಇಡುವುದಿಲ್ಲ.

ಎಲ್ಲವೂ ಬೆಲ್ಸ್ ಪಾಲ್ಸಿಯೂ ಅಲ್ಲ. ಕಿವಿಯಲ್ಲಿ ನೀರುಗುಳ್ಳೆ, ಉರಿನೋವು ಇದ್ದರೆ ಅದು ಸರ್ಪಸುತ್ತಿನ ವೈರಸ್ಸು. ಸ್ಟಿರಾಯ್ಡ್ ಜೊತೆಗೆ ವೈರಸ್ ನಿರೋಧಕವೂ ಬೇಕು. ವರ್ಷಗಟ್ಟಲೆ ಕಿವಿ ಸೋರಿ, ಕೀವಿನ ವಾಸನೆ ಇದ್ದವರಿಗೆ ಮುಖ ಸೊಟ್ಟಾದರೆ ಮೂಳೆ ಕೊರೆಯುವ ಕೊಲೆಸ್ಟಿಯಟೋಮ ಇರಬಹುದು, ಅದಕ್ಕೆ ಕಿವಿಯ ಶಸ್ತ್ರಚಿಕಿತ್ಸೆಯೇ ದಾರಿ. ಸ್ಪರ್ಶ ಗೊತ್ತಾಗದ ಬಿಳಿಚು ಕಲೆ ಮೈಮೇಲಿದ್ದರೆ ಕುಷ್ಠರೋಗವನ್ನು ಮರೆಯಬಾರದು. ಮುಖ ನಿಧಾನವಾಗಿ, ವಾರಗಳ ಮೇಲೆ ವಾರ ವಾಲುತ್ತ ಹೋದರೆ ಕಿವಿಯ ಕೆಳಗಿನ ಪೆರೋಟಿಡ್ ಗ್ರಂಥಿಯ ಗಡ್ಡೆಯನ್ನು ಹುಡುಕಬೇಕು. ಇನ್ನೊಂದು ನಿಯಮವನ್ನು ರೋಗಿಗಳೂ ನೆನಪಿಡಬೇಕು: ನಿಜವಾದ ಬೆಲ್ಸ್ ಪಾಲ್ಸಿಯಲ್ಲಿ ಮೂರು ನಾಲ್ಕು ತಿಂಗಳೊಳಗೆ ಸ್ವಲ್ಪವಾದರೂ ಚಲನೆ ಮರಳುತ್ತದೆ. ಎಳ್ಳಷ್ಟೂ ಮರಳದಿದ್ದರೆ ‘ಇನ್ನಷ್ಟು ದಿನ ನೋಡೋಣ’ ಅನ್ನುವಂತಿಲ್ಲ; ರೋಗ ಬೇರೆಯೇ ಇರಬಹುದೆಂದು ಎಂಆರ್‌ಐ ಮಾಡಿಸಬೇಕು.

ನರ ದಾರಿ ತಪ್ಪಿ ಬೆಳೆದಾಗ

ಬೊಟಾಕ್ಸ್‌ನ ಪಾತ್ರ ಶುರುವಾಗುವುದು ಗುಣವಾಗುವ ಹಂತದಲ್ಲಿ. ಹೆಚ್ಚು ಪೆಟ್ಟು ತಿಂದ ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತವೆ. ಬೆಳೆಯುವಾಗ ಎಲ್ಲ ಎಳೆಗಳೂ ತಮ್ಮ ಹಳೆಯ ಸ್ನಾಯುವಿಗೇ ಹೋಗಿ ಸೇರುತ್ತವೆಂಬ ಖಾತ್ರಿ ಇಲ್ಲ. ಒಡ್ಡು ಒಡೆದ ಘಟಪ್ರಭಾ ಕಾಲುವೆಗೆ ನೀರು ಬಿಟ್ಟರೆ ಪಕ್ಕದವರ ಹೊಲವೂ ತೋಯುವಂತೆ, ತುಟಿಗೆ ಹೋಗಬೇಕಾದ ಸಂದೇಶ ಕಣ್ಣಿಗೂ ಹರಿಯುತ್ತದೆ. ಇದನ್ನು ಸಿಂಕೈನೇಸಿಸ್ ಎನ್ನುತ್ತಾರೆ: ಬೇಕಾದ ಚಲನೆಯ ಜೊತೆ ಬೇಡದ ಚಲನೆ. ಲಕ್ವಾ ಹೊಡೆದ ಮೂರರಿಂದ ಆರು ತಿಂಗಳಲ್ಲಿ ಕಾಣಿಸಿಕೊಂಡು ಒಂದೆರಡು ವರ್ಷ ಬಲಿಯುತ್ತದೆ.

ರೋಗಿಗಳ ಬಾಯಲ್ಲಿ ಅದು ‘ರೊಟ್ಟಿ ತಿನ್ನುವಾಗ ಕಣ್ಣ ಮುಚ್ಚತೈತ್ರಿ’ ಎಂದು ಬರುತ್ತದೆ. ಅಗಿಯುವ ಸ್ನಾಯು ಐದನೇ ನರದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಖಡಕ್ ರೊಟ್ಟಿಯ ತುಂಡನ್ನು ಬಾಯೊಳಗೆ ಹೊರಳಿಸುವ ತುಟಿ, ಗಲ್ಲದ ಸ್ನಾಯುಗಳು ಏಳನೇ ನರದವು. ಅವು ಅಲುಗಿದಾಗಲೆಲ್ಲ ರೆಪ್ಪೆಯೂ ಬಿಗಿಯುತ್ತದೆ. ಕೆಲವರಲ್ಲಿ ಇದು ತಿರುಗಾಮುರುಗ: ಕಣ್ಣು ಮಿಟುಕಿಸಿದರೆ ತುಟಿಯ ಮೂಲೆ ಎಳೆಯುತ್ತದೆ. ಗದ್ದದ ಮೇಲೆ ಕಿತ್ತಳೆ ಸಿಪ್ಪೆಯಂಥ ಗುಳಿಗಳು, ಕತ್ತಿನಲ್ಲಿ ಹಗ್ಗದಂತೆ ಎದ್ದು ನಿಲ್ಲುವ ಪ್ಲಾಟಿಸ್ಮಾ ಸ್ನಾಯು, ಸಂಜೆಯ ಹೊತ್ತಿಗೆ ಅರ್ಧ ಮುಖದ ಬಿಗಿ ನೋವು. ಊಟಕ್ಕೆ ಕುಳಿತರೆ ಒಂದೇ ಕಣ್ಣಿನಲ್ಲಿ ನೀರು ಸುರಿಯುವವರೂ ಇದ್ದಾರೆ. ಖಾರಕ್ಕೆ ಬಂದ ನೀರೆಂದು ಮನೆಯವರು ಅಂದುಕೊಂಡಿರುತ್ತಾರೆ. ಆದರೆ ಖಾರಕ್ಕಾದರೆ ಎರಡೂ ಕಣ್ಣಲ್ಲಿ ಬರುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿದ ಫಲವಿದು.

ಇಲ್ಲೊಂದು ಸೂಕ್ಷ್ಮವಿದೆ, ವೈದ್ಯರೂ ಎಡವುವ ಜಾಗ. ಇಂಥ ಮುಖ ನಕ್ಕಾಗ ತುಟಿ ಮೇಲೇರುವುದಿಲ್ಲ. ಸ್ನಾಯುವಿಗೆ ಬಲವಿಲ್ಲವೆಂದು ತಿಳಿದು ‘ಇನ್ನೂ ಜೋರಾಗಿ ನಗು, ಬಲೂನು ಊದು’ ಎಂದು ಹೇಳಿ ಕಳಿಸುತ್ತಾರೆ. ಎಷ್ಟೋ ಸಲ ಎತ್ತುವ ಸ್ನಾಯು ಚೆನ್ನಾಗಿಯೇ ಇರುತ್ತದೆ; ಅದೇ ಹೊತ್ತಿಗೆ ತುಟಿಮೂಲೆಯನ್ನು ಕೆಳಗೆ ಜಗ್ಗುವ ಡಿಪ್ರೆಸರ್ ಆಂಗ್ಯುಲಿ ಓರಿಸ್ ಮತ್ತು ಪ್ಲಾಟಿಸ್ಮಾ ಕೂಡ ಬಿಗಿಯುವುದರಿಂದ ನಗು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಜೋರಾಗಿ ನಕ್ಕಷ್ಟೂ ಜಗ್ಗಾಟ ಹೆಚ್ಚು. ಅನುಮಾನವಿದ್ದರೆ ಜಗ್ಗುವ ಸ್ನಾಯುವಿಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಒಂದಿಷ್ಟು ಚುಚ್ಚಿ ಕೆಲವು ನಿಮಿಷ ಕಾದರೆ ಸಾಕು. ತುಟಿ ಮೇಲೇರಿದರೆ ಬೊಟಾಕ್ಸ್‌ನಿಂದ ಏನು ಸಿಗುತ್ತದೆಂದು ರೋಗಿ ಅಲ್ಲೇ ಕನ್ನಡಿಯಲ್ಲಿ ನೋಡಬಹುದು. ಮರಗಟ್ಟಿದ್ದು ಒಂದೆರಡು ತಾಸಿಗೆ ಬಿಡುತ್ತದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಹೆಚ್ಚು ಕಡೆ ಮಾಡದಿರುವುದೇ ಆಶ್ಚರ್ಯ.

ಸೂಜಿಗೆ ಮೊದಲು

ಇಂಜೆಕ್ಷನ್ ಮಾಡುವ ದಿನ ಮೊದಲು ಬೇಕಾದದ್ದು ವಿಡಿಯೊ. ಸುಮ್ಮನೆ ಕುಳಿತ ಮುಖ, ಹುಬ್ಬು ಎತ್ತಿದ್ದು, ಕಣ್ಣು ಮೆಲ್ಲಗೆ ಮುಚ್ಚಿದ್ದು, ಬಿಗಿಯಾಗಿ ಮುಚ್ಚಿದ್ದು, ಹಲ್ಲು ಕಾಣದಂತೆ ನಕ್ಕಿದ್ದು, ಹಲ್ಲು ಬಿಟ್ಟು ನಕ್ಕಿದ್ದು, ತುಟಿ ಚೂಪು ಮಾಡಿ ‘ಊ’ ಎಂದದ್ದು, ಕೆಳಹಲ್ಲು ತೋರಿಸಿದ್ದು. ಪ್ರತಿಯೊಂದರಲ್ಲೂ ಯಾವ ಬೇಡದ ಸ್ನಾಯು ಎದ್ದಿತು ಎಂದು ಬರೆದುಕೊಳ್ಳಬೇಕು. ಸನ್ನಿಬ್ರೂಕ್ ಎಂಬ ನೂರು ಅಂಕದ ಅಳತೆಪಟ್ಟಿ ಇದಕ್ಕೆ ಒಗ್ಗುತ್ತದೆ, ಏಕೆಂದರೆ ಅದರಲ್ಲಿ ಬೇಡದ ಚಲನೆಗೆ ಅಂಕ ಕಳೆಯುವ ಭಾಗವೇ ಇದೆ. ಆರು ದರ್ಜೆಯ ಹೌಸ್-ಬ್ರಾಕ್‌ಮನ್ ಪಟ್ಟಿ ಮೊದಲ ದಿನಗಳಿಗೆ ಸಾಕು, ಈ ಕೆಲಸಕ್ಕೆ ಒರಟು.

ಇನ್ನು ವಯಲ್, ಅಂದರೆ ಔಷಧಿಯ ಪುಟ್ಟ ಸೀಸೆ. ಬೊಟಾಕ್ಸ್ ಒಣಪುಡಿಯಾಗಿ 50 ಅಥವಾ 100 ಯೂನಿಟ್‌ಗಳಲ್ಲಿ ಬರುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವಾಗ, ಬಸ್ಸಿನ ಪಾರ್ಸಲ್ಲಿನಲ್ಲಿ ಕರಗಿದ ಐಸ್‌ಪ್ಯಾಕಿನ ಜೊತೆ ಬಂದ ವಯಲ್ಲಿಗೆ ಎಷ್ಟು ಶಕ್ತಿ ಉಳಿದಿದೆಯೆಂದು ಹೊರಗಿನಿಂದ ನೋಡಿ ಹೇಳಲಾಗದು. ಪುಡಿ ಹಾಗೇ ಇರುತ್ತದೆ, ಬಣ್ಣವೂ ಬದಲಾಗದು. ‘ಹೋದ ಸಲದ್ದು ಹತ್ತಲೇ ಇಲ್ಲ’ ಎಂಬ ದೂರಿನ ಹಿಂದೆ ದಾರಿಯ ಬಿಸಿ ಇರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಬಿಗಿ ಬಿಸಿಲಿನ ಎರಡು ತಿಂಗಳು, ತಾಪಮಾನ ದಾಖಲಿಸುವ ಪೆಟ್ಟಿಗೆಯಲ್ಲಿ ಬರದ ಮಾಲನ್ನು ವಾಪಸ್ ಕಳಿಸುವುದೇ ಸರಿ.

ಕರಗಿಸಲು ಸಂರಕ್ಷಕವಿಲ್ಲದ ನಾರ್ಮಲ್ ಸಲೈನ್. ಸೂಜಿ ಚುಚ್ಚಿದೊಡನೆ ವಯಲ್ಲಿನ ಒಳಗಿನ ನಿರ್ವಾತ ಸಲೈನನ್ನು ತಾನೇ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಆ ವಯಲ್ ಬೇಡ. ಕುಲುಕಬಾರದು, ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಬೇಕು. ಕರಗಿಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕೆಂದೂ, ಒಂದು ವಯಲ್ ಒಬ್ಬರಿಗೇ ಎಂದೂ ಲೇಬಲ್ ಹೇಳುತ್ತದೆ.

ಪ್ರಮಾಣ ಹೆಚ್ಚುಕಡಿಮೆಯಾಗುವುದು ಬಹಳ ಸಲ ಸಿರಿಂಜಿನಲ್ಲಿ. ನಮ್ಮ ಔಷಧಿ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜು ಸಿಗುತ್ತವೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಅವುಗಳ ಮೇಲಿನ ಗೀಟು ಇನ್ಸುಲಿನ್ನಿನ ಯೂನಿಟ್, ಬೊಟಾಕ್ಸ್‌ನದಲ್ಲ. 100 ಯೂನಿಟ್ ವಯಲ್ಲನ್ನು 2.5 ಮಿಲಿಲೀಟರಿನಲ್ಲಿ ಕರಗಿಸಿದರೆ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಆಗುತ್ತದೆ. ಆಗ ಯು-40 ಸಿರಿಂಜಿನ ಒಂದು ಗೀಟು ಸರಿಯಾಗಿ ಒಂದು ಬೊಟಾಕ್ಸ್ ಯೂನಿಟ್. ಅದೇ ದ್ರಾವಣವನ್ನು ಯು-100ರಲ್ಲಿ ಎಳೆದರೆ ಒಂದು ಗೀಟಿಗೆ 0.4 ಯೂನಿಟ್ ಮಾತ್ರ. ನರ್ಸ್ ಬದಲಾಗಿ ಸಿರಿಂಜು ಬದಲಾದರೆ ರೋಗಿಗೆ ಎರಡೂವರೆ ಪಟ್ಟು ವ್ಯತ್ಯಾಸ. ರೆಪ್ಪೆಯ ಮೇಲೆ ಅದು ಸಣ್ಣ ವ್ಯತ್ಯಾಸವಲ್ಲ.

ಬ್ರ್ಯಾಂಡಿನದೂ ಅದೇ ಕಥೆ. ಡಿಸ್‌ಪೋರ್ಟ್ ಇದೇ ಟಾಕ್ಸಿನ್ನಿನ ಇನ್ನೊಂದು ಬ್ರ್ಯಾಂಡ್. ಬೊಟಾಕ್ಸ್‌ನ ಒಂದು ಯೂನಿಟ್ಟಿಗೆ ಡಿಸ್‌ಪೋರ್ಟ್‌ನಲ್ಲಿ ಸುಮಾರು ಎರಡೂವರೆಯಿಂದ ಮೂರು ಯೂನಿಟ್ ಎಂದು ಹಿಡಿಯುವ ರೂಢಿ ಇದ್ದರೂ, ಇವನ್ನು ಒಂದಕ್ಕೊಂದು ಬದಲಿಯೆಂದು ಕಂಪನಿಗಳೂ ಒಪ್ಪುವುದಿಲ್ಲ. ಹಸುವಿನ ಹಾಲಿನ ಪ್ರೊಟೀನ್ ಒಗ್ಗದವರಿಗೆ ಡಿಸ್‌ಪೋರ್ಟ್ ಕೊಡಬಾರದು. ರೋಗಿಯ ಚೀಟಿಯಲ್ಲಿ ಬ್ರ್ಯಾಂಡ್, ಬ್ಯಾಚ್ ನಂಬರ್, ಎಷ್ಟರಲ್ಲಿ ಕರಗಿಸಿದ್ದು, ಯಾವ ಜಾಗಕ್ಕೆ ಎಷ್ಟು ಎಂದು ಬರೆದಿರದಿದ್ದರೆ ಮುಂದಿನ ಸಲ ಯಾರೇ ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆಯೇ.

ಯಾವ ಸ್ನಾಯುವಿಗೆ ಎಷ್ಟು

ಮುಂದಿನ ಅಂಕಿಗಳೆಲ್ಲ ಬೊಟಾಕ್ಸ್ ಯೂನಿಟ್‌ಗಳು. ರೋಗಿ ತನ್ನ ಚೀಟಿ ಓದಿಕೊಳ್ಳಲು, ವೈದ್ಯರನ್ನು ಪ್ರಶ್ನೆ ಕೇಳಲು ಇವು ಬೇಕು. ಸೂಜಿ 30 ಗೇಜಿನದು, ಪ್ರತಿ ಜಾಗಕ್ಕೆ 0.05ರಿಂದ 0.1 ಮಿಲಿಲೀಟರ್. ಚರ್ಮ ಒರೆಸಿದ ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಚುಚ್ಚುವುದು.

ಕಣ್ಣಿನ ಸುತ್ತ ಹಿಡಿತ ಅತಿ ಬಿಗಿಯಿರಬೇಕು. ರೆಪ್ಪೆಯನ್ನು ಮುಚ್ಚುವ ಆರ್ಬಿಕ್ಯುಲಾರಿಸ್ ಆಕ್ಯುಲೈಗೆ ಪ್ರತಿ ಜಾಗಕ್ಕೆ 1ರಿಂದ 2.5 ಯೂನಿಟ್, ಒಟ್ಟು 5ರಿಂದ 10. ಮೇಲುರೆಪ್ಪೆಯ ಒಳತುದಿ, ಹೊರತುದಿ, ಕೆಳರೆಪ್ಪೆಯ ಹೊರಭಾಗ, ಕಣ್ಣಿನ ಬದಿ. ಮೇಲುರೆಪ್ಪೆಯ ನಡುಮಧ್ಯವನ್ನು ಬಿಡಬೇಕು, ಅದರ ಹಿಂದೆಯೇ ರೆಪ್ಪೆ ಎತ್ತುವ ಸ್ನಾಯು ಇದೆ. ಕೆಳರೆಪ್ಪೆಯ ಮೂಗಿನ ಕಡೆಯ ಭಾಗವನ್ನೂ ಬಿಡಬೇಕು, ಇಲ್ಲವಾದರೆ ಕಣ್ಣೀರು ಒಳಗೆ ಹರಿಯದೆ ಗಲ್ಲದ ಮೇಲೆ ಇಳಿಯುತ್ತದೆ, ಇಲ್ಲವೇ ಒಂದು ವಸ್ತು ಎರಡಾಗಿ ಕಾಣುತ್ತದೆ. ಗದ್ದದ ಮೆಂಟಾಲಿಸ್‌ಗೆ 2ರಿಂದ 5. ತುಟಿಮೂಲೆ ಜಗ್ಗುವ ಸ್ನಾಯುವಿಗೂ ಅಷ್ಟೇ. ಪ್ಲಾಟಿಸ್ಮಾದ ಎದ್ದ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು, ಒಂದೂವರೆ ಎರಡು ಸೆಂಟಿಮೀಟರಿಗೊಂದರಂತೆ 2.5 ಯೂನಿಟ್, ಒಟ್ಟು 10ರಿಂದ 20. ಗಲ್ಲದ ಎತ್ತುವ ಸ್ನಾಯುವಾದ ಜೈಗೋಮ್ಯಾಟಿಕಸ್ ಮೇಜರ್ ಹತ್ತಿರ ಕೈ ಹಾಕದಿರುವುದೇ ಜಾಣತನ. ಕಣ್ಣಿನ ಬದಿಯ ಇಂಜೆಕ್ಷನ್ ಕೆನ್ನೆಮೂಳೆಗಿಂತ ಕೆಳಗೆ ಇಳಿದರೆ ನಗುವೇ ಹೋಗುತ್ತದೆ.

ಚೆನ್ನಾಗಿರುವ ಕಡೆಗೂ ಇಂಜೆಕ್ಷನ್ ಎಂದಾಗ ರೋಗಿಗಳು ಗಾಬರಿಯಾಗುತ್ತಾರೆ. ‘ಆ ಕಡಿ ಛಲೋ ಐತಲ್ರಿ, ಅದಕ್ಯಾಕ?’ ಕೇಳಬೇಕಾದ ಪ್ರಶ್ನೆಯೇ. ಲಕ್ವಾದ ಬದಿ ಕೆಳತುಟಿಯನ್ನು ಕೆಳಗೆ ಎಳೆಯಲಾರದಾಗ, ಇನ್ನೊಂದು ಬದಿ ತನ್ನ ಪೂರ್ಣ ಬಲದಿಂದ ಎಳೆದು, ಮಾತಾಡುವಾಗ ಕೆಳಹಲ್ಲು ಒಂದೇ ಕಡೆ ಕಾಣುತ್ತದೆ. ಆ ಡಿಪ್ರೆಸರ್ ಲೇಬಿಯೈ ಸ್ನಾಯುವಿಗೆ 2ರಿಂದ 5 ಯೂನಿಟ್ ಹಾಕಿದರೆ ಎರಡೂ ಕಡೆ ಸಮವಾಗುತ್ತದೆ. ಹಣೆಯ ಒಂದೇ ಬದಿ ಗೆರೆ ಮೂಡುವವರಿಗೆ ಅಲ್ಲೂ ಒಟ್ಟು 8-10 ಯೂನಿಟ್ ಹಾಕಬಹುದು, ಹುಬ್ಬಿನಿಂದ ಎರಡು ಸೆಂಟಿಮೀಟರ್ ಮೇಲೆ. ವಯಸ್ಸಾದವರಲ್ಲಿ ಹಣೆಯ ಬಲದಿಂದಲೇ ರೆಪ್ಪೆ ಎತ್ತಿ ನೋಡುವವರಿರುತ್ತಾರೆ. ಅವರಿಗೆ ಇದು ಬೇಡ.

ಮೊದಲ ಸಲ ಎಲ್ಲವನ್ನೂ ಕಡಿಮೆಯ ತುದಿಯಿಂದ ಶುರುಮಾಡಿ, ಎರಡು ವಾರಕ್ಕೆ ಕರೆದು ಅದೇ ಎಂಟು ಭಂಗಿಗಳ ವಿಡಿಯೊ ಮತ್ತೆ ತೆಗೆಯಬೇಕು. ಮುಂದಿನ ಸುತ್ತು ಹನ್ನೆರಡು ವಾರಕ್ಕಿಂತ ಮೊದಲು ಬೇಡ. ಅವಸರದಲ್ಲಿ ಮೇಲಿಂದ ಮೇಲೆ ಚುಚ್ಚಿದರೆ ದೇಹ ಟಾಕ್ಸಿನ್ನಿಗೆ ಪ್ರತಿಕಾಯ ಬೆಳೆಸಿಕೊಳ್ಳುವ ಅಪಾಯ ಹೆಚ್ಚುತ್ತದೆ. ಊಟದ ಹೊತ್ತಿನ ಕಣ್ಣೀರಿಗೆ ಕಣ್ಣೀರಿನ ಗ್ರಂಥಿಗೇ 2.5ರಿಂದ 5 ಯೂನಿಟ್ ಕೊಡುತ್ತಾರೆ, ಅದು ನೇತ್ರತಜ್ಞರ ಕೈಯಲ್ಲಿ ಮಾತ್ರ.

ಹೊಸ ಲಕ್ವಾದಲ್ಲಿ ಬೊಟಾಕ್ಸ್ ಬೇಡ ಎಂಬ ಮಾತಿಗೆ ಒಂದು ದೊಡ್ಡ ಅಪವಾದವಿದೆ: ಕಣ್ಣು. ರೆಪ್ಪೆ ಮುಚ್ಚದೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಒಣಗಿ ಹುಣ್ಣಾಗುತ್ತಿದ್ದರೆ, ರೆಪ್ಪೆ ಎತ್ತುವ ಸ್ನಾಯುವಿಗೇ ಬೊಟಾಕ್ಸ್ ಕೊಟ್ಟು ರೆಪ್ಪೆಯನ್ನು ಬೇಕೆಂದೇ ಜೋಲುಬೀಳಿಸುತ್ತಾರೆ. ರೆಪ್ಪೆ ಹೊಲಿಯುವುದು ತಪ್ಪುತ್ತದೆ, ಎರಡು ಮೂರು ತಿಂಗಳಲ್ಲಿ ತಾನೇ ಏಳುತ್ತದೆ. ಜೋಳದ ರಾಶಿ ಮಾಡುವ ದಿನಗಳಲ್ಲಿ, ಧೂಳಿನ ರಸ್ತೆಯಲ್ಲಿ ಗಾಜಿಲ್ಲದ ಹೆಲ್ಮೆಟ್ ಹಾಕಿ ಬೈಕ್ ಓಡಿಸುವ ಊರುಗಳಲ್ಲಿ ಕಣ್ಣಿನ ಹುಣ್ಣು ದೂರದ ಮಾತಲ್ಲ. ಆದರೆ ಅಲ್ಲಿಗೆ ಹೋಗುವ ಮುನ್ನ ಸರಳ ಕೆಲಸಗಳಿವೆ. ಹಗಲು ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಕಣ್ಣನ್ನು ಒದ್ದೆಯಾಗಿಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ, ರಾತ್ರಿ ಮುಲಾಮು, ಹೊರಗೆ ಹೋದರೆ ಬದಿ ಮುಚ್ಚಿದ ಕನ್ನಡಕ. ಟೇಪು ಹಚ್ಚುವವರು ಮೊದಲು ಬೆರಳಿನಿಂದ ರೆಪ್ಪೆ ಪೂರ್ತಿ ಮುಚ್ಚಿ ಆಮೇಲೆ ಹಚ್ಚಬೇಕು. ಅರೆತೆರೆದ ಕಣ್ಣಿನ ಮೇಲೆ ಇಟ್ಟ ಹತ್ತಿ, ಬಟ್ಟೆ ರಾತ್ರಿಯಿಡೀ ಕಾರ್ನಿಯಾ ಉಜ್ಜುತ್ತದೆ. ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಮಂಜಾದರೆ ಅಂದೇ ನೇತ್ರತಜ್ಞರ ಬಳಿ ಹೋಗಬೇಕು.

ಎಡವಟ್ಟಾಗುವುದು ಎಲ್ಲಿ

ಮೇಲುರೆಪ್ಪೆ ಇಳಿಬೀಳುವುದು ಎಲ್ಲರೂ ಹೆದರುವ ತೊಂದರೆ. ಹನಿ ಔಷಧಿ ಅಪ್ರಾಕ್ಲೊನಿಡಿನ್ ಒಂದೆರಡು ಮಿಲಿಮೀಟರ್ ಎತ್ತುತ್ತದೆ, ಉಳಿದದ್ದು ವಾರಗಳಲ್ಲಿ ಸರಿಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಕಣ್ಣು ಮುಚ್ಚುವ ಬಲವೇ ಹೋಗುವುದು: ಎಷ್ಟೋ ತಿಂಗಳ ಮೇಲೆ ಮುಚ್ಚತೊಡಗಿದ ಕಣ್ಣು ಹತ್ತು ಯೂನಿಟ್ಟಿನ ಆಸೆಗೆ ಮತ್ತೆ ತೆರೆದು ನಿಲ್ಲುತ್ತದೆ. ಮೊದಲೇ ಕಣ್ಣು ಬಿಗಿಯಾಗಿ ಮುಚ್ಚಲಾರದವರಲ್ಲಿ ಪ್ರಮಾಣವನ್ನು ಅರ್ಧಕ್ಕಿಳಿಸಬೇಕು. ತುಟಿಯ ಸುತ್ತ ಹೆಚ್ಚಾದರೆ ‘ಪ, ಬ, ಮ’ ಅಸ್ಪಷ್ಟವಾಗುತ್ತವೆ, ಚಹಾ ಕುಡಿದರೆ ಬಾಯಿಯ ಬದಿಯಿಂದ ಸೋರುತ್ತದೆ. ಕತ್ತಿಗೆ ಹೆಚ್ಚಾದರೆ ನುಂಗುವುದು ಕಷ್ಟ. ಚುಚ್ಚಿದ ಜಾಗದಿಂದ ದೂರಕ್ಕೆ ಹರಡಿ ಉಸಿರಾಟ, ನುಂಗುವಿಕೆಗೆ ತೊಂದರೆಯಾಗಬಹುದೆಂಬ ಕಪ್ಪುಚೌಕದ (ಲೇಬಲ್ಲಿನ ಅತಿ ಗಂಭೀರ) ಎಚ್ಚರಿಕೆಯನ್ನು ಎಫ್‌ಡಿಎ 2009ರಿಂದ ಎಲ್ಲ ಬ್ರ್ಯಾಂಡ್‌ಗಳ ಮೇಲೂ ಹಾಕಿಸಿದೆ. ಮುಖಕ್ಕೆ ಬಳಸುವ 20-40 ಯೂನಿಟ್‌ಗಳಲ್ಲಿ ಅದು ಬಹಳ ಅಪರೂಪ, ಆದರೆ ಮಯಸ್ಥೇನಿಯಾ ಗ್ರೇವಿಸ್‌ನಂಥ ನರ-ಸ್ನಾಯು ರೋಗ ಇದ್ದವರಿಗೆ ಅಪಾಯ ನಿಜ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆ್ಯಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿರುವವರಿಗೆ, ಬಸುರಿ ಬಾಣಂತಿಯರಿಗೆ ಮುಂದೂಡಬೇಕು. ಮಾಡಿಸಿಕೊಂಡ ದಿನ ಮುಖಕ್ಕೆ ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

ನಕಲಿ ಮಾಲಿನ ಭಯವೂ ಇದೆ. 2024ರಲ್ಲಿ ಅಮೆರಿಕದಂಥ ಕಡೆಯಲ್ಲೇ ನಕಲಿ ಬೊಟಾಕ್ಸ್ ಚುಚ್ಚಿಸಿಕೊಂಡವರು ಆಸ್ಪತ್ರೆ ಸೇರಿ, ಎಫ್‌ಡಿಎ ಎಚ್ಚರಿಕೆ ಹೊರಡಿಸಬೇಕಾಯಿತು. ಬಿಲ್ ಇಲ್ಲದ, ಅರ್ಧ ಬೆಲೆಯ ವಯಲ್ಲಿನ ಮೇಲೆ ಯಾರ ಮುಖವನ್ನೂ ಪಣಕ್ಕಿಡಬಾರದು. ಸೌಂದರ್ಯ ಕ್ಲಿನಿಕ್ಕುಗಳ ಕೈ ಸುಕ್ಕಿಗೆ ಪಳಗಿದೆ ಎಂಬ ಮಾತ್ರಕ್ಕೆ ಸಿಂಕೈನೇಸಿಸ್‌ಗೂ ಆದೀತು ಎಂದಲ್ಲ. ಸುಕ್ಕಿನಲ್ಲಿ ಎರಡೂ ಬದಿ ಒಂದೇ ನಕ್ಷೆ. ಇಲ್ಲಿ ಪ್ರತಿ ಮುಖಕ್ಕೂ ನಕ್ಷೆ ಬೇರೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅಲ್ಲಿನ ನರರೋಗ, ಕಿವಿ-ಮೂಗು-ಗಂಟಲು, ನೇತ್ರ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ‘ಮುಖದ ಸಿಂಕೈನೇಸಿಸ್‌ಗೆ ಬೊಟಾಕ್ಸ್ ಮಾಡುತ್ತೀರಾ, ತಿಂಗಳಿಗೆ ಎಷ್ಟು ಜನಕ್ಕೆ’ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಕರೆಂಟ್ ಶೇಕದ ಮಾತು ಬಿಡುವಂತಿಲ್ಲ, ಏಕೆಂದರೆ ಬಾಯಿ ಸೊಟ್ಟಾದವರಲ್ಲಿ ಹೆಚ್ಚಿನವರು ಅದನ್ನೇ ಹತ್ತಿಪ್ಪತ್ತು ದಿನ ಮಾಡಿಸಿಕೊಂಡಿರುತ್ತಾರೆ. ಮುಖದ ಲಕ್ವಾದಲ್ಲಿ ಅದರಿಂದ ಲಾಭವಿದೆಯೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸಿಂಕೈನೇಸಿಸ್ ಶುರುವಾದ ಮುಖಕ್ಕೆ ಒಟ್ಟಾಗಿ ಎಲ್ಲ ಸ್ನಾಯುವನ್ನೂ ಕುಣಿಸುವ ಕರೆಂಟು, ಬಲೂನು, ಚೂಯಿಂಗ್ ಗಮ್ ಮೂರೂ ತಪ್ಪು ದಾರಿಯವು. ಬೇಕಾದದ್ದು ತದ್ವಿರುದ್ಧ: ಕನ್ನಡಿ ಮುಂದೆ ಕುಳಿತು, ಕಣ್ಣು ಬಿಗಿಯದಷ್ಟೇ ಮೆಲ್ಲಗೆ ತುಟಿಯನ್ನು ಒಂದೆರಡು ಮಿಲಿಮೀಟರ್ ಎತ್ತುವುದು, ಕಣ್ಣು ಕಿರಿದಾದೊಡನೆ ನಿಲ್ಲಿಸುವುದು, ಮತ್ತೆ ಮೊದಲಿನಿಂದ. ದಿನಕ್ಕೆ ಎರಡು ಮೂರು ಸಲ, ಹತ್ತು ಹತ್ತು ನಿಮಿಷ. ಬೊಟಾಕ್ಸ್ ಬೇಡದ ಸ್ನಾಯುವನ್ನು ಸುಮ್ಮನಾಗಿಸಿದ ಎರಡನೇ ವಾರದಿಂದ ಹನ್ನೆರಡನೇ ವಾರದವರೆಗೆ ಈ ಅಭ್ಯಾಸ ಚೆನ್ನಾಗಿ ಕೂರುತ್ತದೆ. ಅಭ್ಯಾಸವಿಲ್ಲದ ಬೊಟಾಕ್ಸ್ ನಾಲ್ಕು ತಿಂಗಳ ಬಾಡಿಗೆ ಮಾತ್ರ.

ಖರ್ಚು ಆ ನಾಲ್ಕು ತಿಂಗಳಿಗೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಬೇಕು. ಪ್ರತಿ ಸಲವೂ ಸಾವಿರಾರು ರೂಪಾಯಿಯ ಮಾತು. ಕ್ಲಿನಿಕ್ಕು ಯೂನಿಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತದೋ ವಯಲ್ ಲೆಕ್ಕದಲ್ಲೋ ಎಂದು ಕೇಳಿಕೊಳ್ಳುವುದು ಒಳ್ಳೆಯದು, 25 ಯೂನಿಟ್ ಸಾಕಾದವರಿಗೆ 100 ಯೂನಿಟ್ ವಯಲ್ಲಿನ ಬಿಲ್ ಭಾರವಾಗುತ್ತದೆ. ಎಷ್ಟೋ ಜನಕ್ಕೆ ಎಲ್ಲ ಜಾಗವೂ ಬೇಕಿರುವುದಿಲ್ಲ. ಕಣ್ಣು ಮತ್ತು ಕತ್ತು ಎರಡಕ್ಕೇ ಹಾಕಿಸಿಕೊಂಡು ಉಳಿದದ್ದನ್ನು ಅಭ್ಯಾಸಕ್ಕೆ ಬಿಟ್ಟವರೂ ನೆಮ್ಮದಿಯಾಗಿರುತ್ತಾರೆ.

ವರ್ಷಕ್ಕೆ ಮೂರು ಸಲ ಸೂಜಿ ಸಾಕಾಗಿಹೋದವರಿಗೆ ಶಸ್ತ್ರಚಿಕಿತ್ಸೆಯ ದಾರಿಯಿದೆ: ಬೊಟಾಕ್ಸ್‌ನಿಂದ ಸಮವಾಗಿದ್ದ ಕೆಳತುಟಿಯ ಸ್ನಾಯುವನ್ನೇ ಕತ್ತರಿಸಿ ತೆಗೆಯುವುದು, ಇಲ್ಲವೇ ನಗುವನ್ನು ಜಗ್ಗುವ ನರದ ಸಣ್ಣ ಕವಲುಗಳನ್ನು ಆರಿಸಿ ಕತ್ತರಿಸುವುದು. ಬೊಟಾಕ್ಸ್‌ನಲ್ಲಿ ಸಿಕ್ಕ ಫಲವೇ ಇಲ್ಲಿ ಮುಂಗಾಣ್ಕೆ. ಇನ್ನು ಮುಖ ಪೂರ್ತಿ ಸತ್ತೇ ಉಳಿದವರಿಗೆ, ಅಗಿಯುವ ಸ್ನಾಯುವಿನ ನರವನ್ನು ಮುಖದ ನರಕ್ಕೆ ಜೋಡಿಸುವಂಥ ಶಸ್ತ್ರಚಿಕಿತ್ಸೆಗಳಿವೆ. ಅವಕ್ಕೆ ಗಡುವು ಕಟ್ಟುನಿಟ್ಟು: ನರ ಸಿಗದ ಸ್ನಾಯು 12ರಿಂದ 18 ತಿಂಗಳಲ್ಲಿ ಸೊರಗಿ ಮರಳದಂತಾಗುತ್ತದೆ, ಆಮೇಲೆ ತೊಡೆಯಿಂದ ಸ್ನಾಯು ತಂದು ಕೂರಿಸುವ ದೊಡ್ಡ ಆಪರೇಷನ್ನೇ ಆಗಬೇಕು. ಆರು ತಿಂಗಳಾದರೂ ಒಂದು ಎಳೆ ಚಲನೆಯೂ ಕಾಣದ ಮುಖವನ್ನು ಬೊಟಾಕ್ಸ್ ಬೋರ್ಡಿನ ಕ್ಲಿನಿಕ್ಕಿಗಲ್ಲ, ಮುಖದ ನರದ ಶಸ್ತ್ರಚಿಕಿತ್ಸೆ ಮಾಡುವವರ ಬಳಿಗೆ ಕಳಿಸಬೇಕು.